ಅಕ್ಕನ ಎರಡು ಫೋಟೋ

೧೨-೧-೨೦೨೫, ಭಾನುವಾರ

ಹೊಟ್ಟೆ ಉರೀತಿದೆ. ಇಡೀ ಹೂಟಗಳ್ಳೀಲಿ ಇಷ್ಟು ದೊಡ್ಡ ಕ್ಯಾಮೆರಾ ಇರೋದು ನನ್ನೊಬ್ಬನ ಹತ್ರ. ಯೂಟ್ಯೂಬಿನ ಪಾಠಗಳನ್ನೂ ಅರೆದು ಕುಡಿದಿದ್ದೀನಿ. ಇವತ್ತು ಅಕ್ಕನನ್ನು ಗೋಡೆ ಮುಂದೆ ನಿಲ್ಲಿಸಿ, "ಅಲ್ಲಾಡಬ್ಯಾಡ" ಅಂತ ಗದರಿಸಿ ಫೋಟೋ ತೆಗೆದೆ. ಅದನ್ನು ನೋಡಿ ಅಕ್ಕ, "ಆಧಾರ್ ಕಾರ್ಡಿಗೆ ಆಯ್ತದೆ ಬುಡು" ಅಂದ್ಲು.

ಅವಳ ಮಗಳು ಧರಣಿ, ಅವರೆಕಾಳು ಹಿದುಕುತ್ತಾ ನಗುತ್ತಿದ್ದ ಅಕ್ಕನನ್ನು ಬರೀ ಮೊಬೈಲಲ್ಲಿ ಹಿಡಿದವ್ಳೆ. ಆ ಫೋಟೋಗೆ ಫ್ರೇಮ್ ಹಾಕಿಸ್ತಾಳಂತೆ ಅಕ್ಕ!

"ಎಲ್ಲಿ ಕಲ್ತೆ?" ಅಂದೆ.

"ದಿನಾ ಅಮ್ಮನ್ನೇ ನೋಡ್ತೀನಿ ಮಾವ. ಕಿಟಕಿ ಬೆಳಕು ಮುಖದ ಮೇಲೆ ಬಿದ್ದಾಗ ತೆಗೀತೀನಿ."

ಈ ಪಾಠ ನನಗೆ ಯಾರೂ ಹೇಳಲಿಲ್ಲ. ಅವಳ ಹತ್ರಾನೇ ಕಲೀಬೇಕು. ಆದರೆ ಕಲಿಸು ಅಂತ ಬಾಯಿಬಿಟ್ಟು ಕೇಳೋನಲ್ಲ ನಾನು. "ನಿಂಗೆಷ್ಟು ಬರುತ್ತೆ ಅಂತ ಪರೀಕ್ಷೆ ಮಾಡ್ತೀನಿ, ಒಂದೊಂದಾಗಿ ಹೇಳು, ನಿಧಾನವಾಗಿ" ಅಂತೀನಿ.