ಒಂದೇ ಕೊಲೆಗೆ ಎರಡು ವನ್ಸ್ ಮೋರ್

ಮುಧೋಳ
ತಾ. ೧೪-೧೧-೧೯೫೪

ಸೋಮಕ್ಕನಿಗೆ ಜಕ್ಕಪ್ಪನ ಶರಣು.

ಎಂಟು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಪುರುಸೊತ್ತು ಇರಲಿಲ್ಲವೆಂದಲ್ಲ; ಬರೆಯಲು ಕೂತರೆ ಮೊದಲು ಈ ಮಾತನ್ನೇ ಬರೆಯಬೇಕಾಗುತ್ತಿತ್ತು. ಬನಹಟ್ಟಿಯ ಆಟದಲ್ಲಿ ನಿನ್ನ ಗಂಡ ಗಿರಮಲ್ಲಪ್ಪ ಮಾಮಾನ ಬಲಗೈ ಮುರಿದದ್ದು ಕೈತಪ್ಪಿನಿಂದಲ್ಲ. ನಾನು ಬೇಕೆಂದೇ ಮುರಿದೆ.

ನೀನು ನಾಲ್ಕನೇ ಇಯತ್ತೆ ಪಾಸಾದವಳು. ಇದನ್ನು ನೀನೇ ಓದು, ಯಾರಿಂದಲೂ ಓದಿಸಬೇಡ.

ನಾನು ಆರಾಮ ಇದ್ದೇನೆ. ಖಾನಾವಳಿ ಬಿಟ್ಟೆ, ಸೈಕಲ್ ಅಂಗಡಿ ಬಿಟ್ಟೆ, ಈಗ ಅಡತಿ ಅಂಗಡಿಯಲ್ಲಿ ಬೆಲ್ಲ ಹೊರುತ್ತೇನೆ. ಸಾಲೆ ಬಿಟ್ಟ ದಿನವೇ ನೀನು ನನ್ನ ಕಾಲಲ್ಲಿ ಚಕ್ರ ಇದೆ ಎಂದಿದ್ದೆ. ಇದೆ.

ನಿಮ್ಮ ಚಿಮ್ಮಡದ ತಾರವ್ವ ಮಗಳ ಮನೆಗೆಂದು ಇಲ್ಲಿಗೆ ಬಂದವಳು ನಿನ್ನೆ ಸಿಕ್ಕಿದ್ದಳು. ಮಾಮಾ ಹೇಗಿದ್ದಾನೆ ಎಂದು ಕೇಳಿದೆ. "ಛಲೋ ಆಗ್ಯಾನಪ್ಪ. ಎಡಗೈ ಪಳಗೈತಿ. ಸೋಮವ್ವನ ಗಲ್ಲ ನೋಡಿದರ ಗೊತ್ತಾಗತೈತಿ" ಎಂದಳು. ಆಟದ ಬಟ್ಟೆ ಒನಕೆಯ ಹೊಲಿಗೆ ಸಡಿಲಾಗಿದ್ದಕ್ಕೇ ಕೈ ಹೋಯಿತು ಎಂದು ಅವನು ಪ್ರತಿ ಏಟಿಗೂ ಹೇಳುತ್ತಾನಂತೆ. ನೀನೂ ಅದನ್ನೇ ನಂಬಿ, ತಪ್ಪು ನಿನ್ನದೇ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು, ಬಾಯಿ ಮುಚ್ಚಿ ಏಟು ತಿನ್ನುತ್ತೀಯಂತೆ.

ಅಕ್ಕ, ನಿನ್ನ ಹೊಲಿಗೆ ಸಡಿಲಿರಲಿಲ್ಲ.

ನಮ್ಮ ಆಟ ನಿನಗೆ ಗೊತ್ತಿದ್ದದ್ದೇ. ಎಂಟು ಪಾತ್ರ, ಮೂರು ಜನ. ಮಾಮಾ ಸಾವಕಾರ, ಸಾಬಣ್ಣ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಲೇ ಫೌಜದಾರ, ಉಳಿದವರೆಲ್ಲ ನಾನೇ. ಸೀರೆ ಉಟ್ಟರೆ ಸಾವಕಾರನ ಹೆಂಡತಿ, ಕಂಬಳಿ ಹೊದ್ದರೆ ಆಳು, ರುಮಾಲು ಸುತ್ತಿದರೆ ತಮ್ಮ. ಕೊಂದವರು ಯಾರು ಎಂದು ಫೌಜದಾರ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ನಾನೊಬ್ಬನೇ ಓಡಾಡಿ ಆರು ಕಡೆ ನಿಲ್ಲುವುದಕ್ಕೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅದಕ್ಕಿಂತ ಹೆಚ್ಚು ನಗುತ್ತಿದ್ದದ್ದು ಸಾವಕಾರ ಹೆಂಡತಿಗೆ ಬಡಿಯುವಾಗ. ಮೆಲ್ಲಗೆ ಹೊಡಿ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೆ. "ಪೆಟ್ಟು ಖರೆ ಇದ್ದರ ನಗಿ ಖರೆ ಬರತೈತಿ ಲೇ" ಎನ್ನುತ್ತಿದ್ದ.

ಬನಹಟ್ಟಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ನೀನು ನನ್ನ ಬಿಳಿ ಸಫೇತದ ಬಟ್ಟಲಿಗೆ ಬೆರಳದ್ದಿ, ನಿನ್ನ ಕಣ್ಣ ಕೆಳಗೆ ಕಪ್ಪಾಗಿ ಬಾತಿದ್ದ ಜಾಗಕ್ಕೆ ಬಳಿದುಕೊಂಡೆ. ಸೀರೆ ನೆರಿಗೆ ಸರಿಮಾಡಿ ನನ್ನನ್ನು ರಂಗಕ್ಕೆ ನೂಕಿದೆ.

ಕೊಲೆಯ ಹಾಡು ಬಂತು. ಹಾಡುತ್ತಾ ನೂಲು ತುಂಬಿದ ಬಟ್ಟೆಯ ಒನಕೆಯಿಂದ ಹೊಡೆದೆ. ಮಾಮಾ ಸತ್ತ. ನೇಕಾರ ಜನ ವನ್ಸ್ ಮೋರ್ ಎಂದು ಕೂಗಿದರು. ಸತ್ತವನು ಎದ್ದು ಕೂತು, ಕೈಮುಗಿದು, ಮತ್ತೆ ಹಾಡಿಸಿಕೊಂಡು ಸಾಯಬೇಕು. ಅದು ನಮ್ಮ ರೂಢಿ. ಎರಡನೇ ಸಲ ನಾನು ಎಷ್ಟು ಜೋರಾಗಿ ಹೊಡೆದೆನೆಂದರೆ ಒನಕೆ ನಡುವೆ ಹರಿದು ನೂಲೆಲ್ಲ ಅವನ ಮೀಸೆಯ ಮೇಲೆ ಚೆಲ್ಲಿತು. ಜನ ಹುಚ್ಚೆದ್ದು ನಕ್ಕರು. ಮತ್ತೆ ವನ್ಸ್ ಮೋರ್.

ಬೇರೆ ಒನಕೆ ತರಲು ಪರದೆಯ ಹಿಂದೆ ಬಂದೆ. ನೀನು ಎರಡು ಹೊಲಿದಿದ್ದೆಯಲ್ಲ, ಎರಡನೆಯದು ಗೂಟಕ್ಕೆ ತೂಗುತ್ತಿತ್ತು. ಅದನ್ನು ನೋಡಿದೆ. ನೋಡಿಯೂ, ಒಲೆಯ ಹತ್ತಿರ ಒರಗಿಸಿದ್ದ, ನೀನು ಖಾರ ಕುಟ್ಟುವ ಕಟ್ಟಿಗೆಯ ಒನಕೆಯನ್ನು ಎತ್ತಿಕೊಂಡೆ.

ತಲೆಗೆ ಎತ್ತಿದ್ದೆ, ಅದನ್ನೂ ಬರೆಯುತ್ತೇನೆ. ಅವನು ಕೈ ಅಡ್ಡ ಹಿಡಿದ. ಹಸಿ ಜ್ವಾಳದ ದಂಟು ಮುರಿದಂತೆ ಸಪ್ಪಳವಾಯಿತು. ಎಲುಬು ತೊಗಲಿನಿಂದ ಹೊರಗೆ ಬಂತು. "ಜಕ್ಯಾ, ಇದು ಕಟಗೀದಲೇ" ಎಂದು ಸಣ್ಣ ದನಿಯಲ್ಲಿ ಅಂದ. ನಾನು ಮುಂದಿನ ನುಡಿ ಹಾಡಿ ಇನ್ನೊಮ್ಮೆ ಹೊಡೆದೆ, ಅದೇ ಕೈಗೆ. ಅವನು ಚೀರಿದ. ಜನ ನಕ್ಕು ಮತ್ತೆ ವನ್ಸ್ ಮೋರ್ ಎಂದರು. ಸಾಬಣ್ಣ ಪೆಟ್ಟಿಗೆ ಬಿಟ್ಟು ಓಡಿಬಂದು ನನ್ನನ್ನು ತಬ್ಬಿ ಹಿಡಿಯದಿದ್ದರೆ ಅದೂ ಆಗುತ್ತಿತ್ತು.

ದಿನಾಲೂ ಆಟದಲ್ಲಿ ಕೊಲೆಗಾರನನ್ನು ಹುಡುಕುವ ಸಾಬಣ್ಣ ಅವತ್ತು ಗೂಟ ನೋಡಿದ, ನನ್ನ ಮುಖ ನೋಡಿದ, ಎರಡನೇ ಒನಕೆಯನ್ನು ಇಳಿಸಿ ಒಲೆಗೆ ಹಾಕಿದ. "ಗಡಿಬಿಡಿಯೊಳಗ ನಿನಗ ತಿಳೀಲಿಲ್ಲ. ಹೌದಿಲ್ಲೋ?" ಎಂದ. ನಾನು ತಲೆಯಾಡಿಸಿದೆ. ಅಷ್ಟೇ ನನ್ನ ಸುಳ್ಳು. ಆ ಸುಳ್ಳಿನ ಏಟು ಎಂಟು ತಿಂಗಳಿಂದ ನಿನಗೆ ಬೀಳುತ್ತಿದೆ ಎಂದು ನಿನ್ನೆಯವರೆಗೆ ಗೊತ್ತಿರಲಿಲ್ಲ.

ಇವತ್ತು ಸಂಜೆ ತಾರವ್ವನ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಮಾಮಾನಿಗೆ ನೀನು ಏನೂ ಹೇಳಬೇಡ. ನಾನೇ ಬಂದು ಎದುರಿಗೆ ನಿಂತು ಹೇಳುತ್ತೇನೆ. ಅವನು ಹೊಡೆದರೆ ಹೊಡೆಸಿಕೊಳ್ಳುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ಅಲ್ಲಿಂದ ಜಮಖಂಡಿಗೆ ಹೋಗಿ ಖರೆ ಫೌಜದಾರನ ಮುಂದೆ ಹೇಳುತ್ತೇನೆ. ಬೀಳಗಿಯಲ್ಲಿ ಅವ್ವ ಇದ್ದಾಳೆ. ನೀನು ಹೊರಟರೆ ಮೊದಲು ನಿನ್ನನ್ನು ಅಲ್ಲಿಗೆ ಬಿಟ್ಟು ಬರುತ್ತೇನೆ. ಬಾ ಎನ್ನುವುದಷ್ಟೇ ನನ್ನ ಕೈಯಲ್ಲಿದೆ.

ಬೀರದೇವರು ನಿನ್ನನ್ನು ಕಾಯಲಿ.

ನಿನ್ನ ತಮ್ಮ
ಜಕ್ಕಪ್ಪ

ತಾ.ಕ.: ಇನ್ನೊಂದು ಉಳಿದಿದೆ. ಹೋದ ವರ್ಷ ತೇರದಾಳದ ಆಟದಲ್ಲಿ ಅವನು ಪರದೆಯ ಹಿಂದೆ ನಿನ್ನನ್ನು ಮೊದಲ ಸಲ ಬಡಿದಾಗ ನಾನು ರಂಗದ ಮೇಲೆ ಹಾಡುತ್ತಿದ್ದೆ, ನಿನಗೆ ನಾಲ್ಕು ಮಾರು ದೂರದಲ್ಲಿ. ಆಮೇಲೆ ನೀನು ಕೇಳಿದಾಗ ನನಗೆ ಏನೂ ಕೇಳಿಸಲಿಲ್ಲ ಎಂದಿದ್ದೆ. ಕೇಳಿಸಿತ್ತು, ಅಕ್ಕ. "ತಮ್ಮಾ" ಎಂದು ನೀನು ಕೂಗಿದ್ದೆ. ಅದು ಜನರಿಗೆ ಕೇಳಬಾರದೆಂದು ನಾನು ದನಿ ಏರಿಸಿದೆ. ಆ ಹಾಡಿಗೆ ವನ್ಸ್ ಮೋರ್ ಬಿತ್ತು. ಮತ್ತೊಮ್ಮೆ ಹಾಡಿದೆ.

ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ.