ಅಪ್ಪನ ರಕ್ತದ ಹಕ್ಕು

ನಿಶಾಪುರ,
ಶಾಬಾನ್ ತಿಂಗಳ ಎರಡನೇ ಶುಕ್ರವಾರ

ಪ್ರೀತಿಯ ಗೌಹರಕ್ಕನಿಗೆ ಸಲಾಂ.

ತೂಸ್‌ನಲ್ಲಿ ನೀನು, ಭಾವ, ಮಗು ಸುಖವಾಗಿದ್ದೀರೆಂದು ನಂಬಿದ್ದೇನೆ. ತಡವಾಯಿತೆಂದು ಬೈಯಬೇಡ. ನನ್ನ ಬಲಗೈ ಬೆರಳುಗಳು ಮುರಿದಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡ ಸುದ್ದಿಯನ್ನು ಒಂಟೆಯವರು ಮುಟ್ಟಿಸಿರಬೇಕು. ಉಳಿದದ್ದನ್ನು ನಾನೇ ಹೇಳಬೇಕು.

ನಮಾಜಿನಲ್ಲಿ ಆಮೀನ್ ಎಂದು ಗಟ್ಟಿಯಾಗಿ ಹೇಳುವ ನಮ್ಮ ಕೇರಿಗೂ ಮೆಲ್ಲಗೆ ಹೇಳುವ ಕೆಳಕೇರಿಗೂ ಮತ್ತೆ ಹೊಡೆದಾಟವಾಯಿತು. ಅವರು ನಮ್ಮ ಮದರಸಾ ಸುಟ್ಟರು. ನಮ್ಮವರು ಅವರ ಕರಬೂಜದ ವ್ಯಾಪಾರಿಯ ಕೈ ಕಡಿದರು. ಆಮೀನ್ ಹೇಗೆ ಹೇಳಿದರೂ ಸರಿಯೆಂದು ಗ್ರಂಥ ಬರೆದಿದ್ದ ಅಪ್ಪ ಬರಿಗೈಯಲ್ಲಿ ನಡುವೆ ಹೋಗಿ ನಿಂತರು. ಕೆಳಕೇರಿಯ ಕಂಬಳಿ ಮಾಡುವ ಶೀರ್‌ಜಾದ್ ಕೊಡತಿಯಿಂದ ಅವರ ತಲೆಗೆ ಹೊಡೆದ. ಬುರುಡೆ ಒಡೆದ ಸದ್ದು ನನಗೆ ಕೇಳಿಸಿತು. ರೊಟ್ಟಿ ಅಂಗಡಿಯ ಬಾಗಿಲಿಗೆ ಅವರನ್ನು ಎಳೆದುಕೊಂಡು ಹೋದೆ. ಸ್ವಲ್ಪ ಹೊತ್ತು ಜೀವವಿತ್ತು. ಹತ್ತಿರ ಇದ್ದವನು ನಾನೊಬ್ಬನೇ.

ಸಾಯುವವನೇ ಕೊಂದವನನ್ನು ಕ್ಷಮಿಸಿದರೆ ಅವನ ತಲೆ ಉಳಿಯುತ್ತದೆ. ಇಲ್ಲವಾದರೆ ಆ ಹಕ್ಕು ವಾರಸುದಾರರದು. ಅವರಲ್ಲಿ ಒಬ್ಬರು ಕ್ಷಮಿಸಿದರೂ ಕತ್ತಿ ಒರೆಗೆ ಸೇರಬೇಕು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ವಿಚಾರಣೆಗೆ ಮುಂಚೆ ಅಪ್ಪನ ಹಿರಿಯ ಶಿಷ್ಯ ಇಸ್ಫಂದಿಯಾರ್ ಮನೆಗೆ ಬಂದ.

"ಕ್ಷಮೆಯೇ ದೊಡ್ಡದು ಅಂತ ಜೀವಮಾನವೆಲ್ಲ ಪಾಠ ಹೇಳಿದೋರು ಗುರುಗಳು. ಕ್ಷಮಿಸಿದೆ ಅಂದ್ರು ಅಂತ ಹೇಳಿಬಿಡಪ್ಪ. ಒಂದು ಜೀವಾನೂ ಉಳಿಯುತ್ತೆ, ಅವರ ಹೆಸರೂ ಉಳಿಯುತ್ತೆ."

"ಅವರು ಹಾಗನ್ನಲಿಲ್ಲ."

"ಮದರಸಾ ಬಿಟ್ಟು ಮಡಕೆ ಸುಡೋಕೆ ಹೋದೋನ ಹತ್ರ ನಾನು ಮಾತಾಡೋಕೆ ಬಂದೆನಲ್ಲ" ಎಂದು ಎದ್ದು ಹೋದ.

ವಿಚಾರಣೆಯಲ್ಲಿ, ಅಪ್ಪ ಕ್ಷಮಿಸಿದರೇ ಎಂದು ಖಾಜಿ ಕೇಳಿದರು. ಇಲ್ಲ ಎಂದೆ. ಶೀರ್‌ಜಾದ್ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ತೊಗಲಿನ ಹಾಸು ಹಾಸಿ ಅವನ ಕುತ್ತಿಗೆಯಿಂದ ಬಟ್ಟೆ ಸರಿಸಿದರು. ಪರದೆಯ ಹಿಂದಿನಿಂದ ಅಮ್ಮ, "ಕಡೀರಿ" ಎಂದಳು. ಕತ್ತಿ ಮೇಲೆದ್ದಿತು.

"ಖಾಜಿ ಸಾಹೇಬ್ರೆ, ಮಗನಾಗಿ ನಾನು ಕ್ಷಮಿಸಿದ್ದೀನಿ" ಎಂದೆ.

ಹೊರಗೆ ಬಂದಾಗ ನಮ್ಮ ಕೇರಿಯ ಹುಡುಗರು ನನ್ನನ್ನು ಕೆಡವಿ ಕೈಯನ್ನು ಇಟ್ಟಿಗೆಯಿಂದ ಜಜ್ಜಿದರು. ಅಮ್ಮ ನನ್ನ ಮುಖಕ್ಕೆ ಉಗಿದವಳು ಇನ್ನೂ ಮಾತಾಡಿಲ್ಲ. ಈಗ ಇಸ್ಫಂದಿಯಾರ್ ಮಸೀದಿಯಲ್ಲಿ, ಗುರುಗಳು ಕ್ಷಮಿಸುತ್ತಲೇ ಪ್ರಾಣ ಬಿಟ್ಟರೆಂದು ಹೇಳುತ್ತಾನೆ, ಜನ ಅಳುತ್ತಾರೆ. ಸುಳ್ಳು ಎಂದು ಎದ್ದು ನಿಂತದ್ದಕ್ಕೆ ನನ್ನನ್ನು ಹೊರದಬ್ಬಿದರು. ಮುಂದಿನ ವಾರ ಮತ್ತೆ ಹೋಗುತ್ತೇನೆ.

ನಿನ್ನ ಹಕ್ಕನ್ನೂ ನಿನ್ನನ್ನು ಕೇಳದೆ ಕಳೆದುಬಿಟ್ಟೆ ಅಕ್ಕ. ಬೈದಾದರೂ ಬರೆ. ನಿನ್ನ ಮಗುವನ್ನು ಅಲ್ಲಾಹ್ ಇಂಥ ಬೀದಿಗಳಿಂದ ದೂರವಿಡಲಿ.

ನಿನ್ನ ತಮ್ಮ,
ಬಖ್ತಿಯಾರ್

ಮರೆತ ಮಾತು: ಅಪ್ಪ ಕೊನೆಗೆ ಏನಂದರೆಂದು ಖಾಜಿ ಕೇಳಲಿಲ್ಲ. ನೀನು ಕೇಳುತ್ತೀಯ. ಬಾಯಿ ತುಂಬ ರಕ್ತವಿತ್ತು. ನನ್ನ ಅಂಗಿ ಹಿಡಿದೆಳೆದು ಹೇಳಿದರು: "ಓದಂತೂ ನಿನ್ನ ಕೈಲಿ ಆಗ್ಲಿಲ್ಲ. ಅವನನ್ನಾದ್ರೂ ಕೊಲ್ಲಿಸು."

ಅದೂ ನನ್ನ ಕೈಲಿ ಆಗಲಿಲ್ಲ ಅಕ್ಕ.