ಟ್ರಂಕಿನ್ಯಾಗ ಇಟ್ಟ ಚೀಲ

ರೀ,

ನಾ ಇಂಡಿಗೆ ಹೊಂಟೇನಿ. ನಮ್ಮ ದಾನಮ್ಮನಂಥಾ ದೊಡ್ಡ ಹುಡುಗ್ಯಾರನ್ನೂ ತಗೊಳ್ಳೋ ಸಾಲಿ ಅಲ್ಲಿ ಐತಂತ, ಕೇಳಿಕೊಂಡು ಬರ್ತೇನಿ. ಆಕಿ ಇನ್ನೂ ಮಲಗ್ಯಾಳ, ಎಬ್ಬಿಸಬ್ಯಾಡ್ರಿ.

ಎದ್ದ ಮ್ಯಾಲೆ ರೊಟ್ಟಿ ಹಾಲಿನ್ಯಾಗ ಮೆತ್ತಗ ಕಲಸಿ ಉಣಿಸ್ರಿ. ಮೊದಲು ತಾಟು ತೋರಿಸ್ರಿ, ಆಮ್ಯಾಲೆ ಕರೀರಿ. ತಾಟು ಅಂದ್ರ ಊಟ, ಟವೆಲ್ ಅಂದ್ರ ಜಳಕ, ಚೀಲ ಅಂದ್ರ ಸಾಲಿ. ಸಿಂದಗಿ ಸಾಲ್ಯಾಗ ಟೀಚರ್ ಆಕಿಗೆ ಹಿಂಗ ಕಲಿಸ್ಯಾರ. ಮಾತು ಬರದ ಮಗಳಿಗೆ ಈ ಸಾಮಾನುಗಳೇ ಮಾತು.

ನಿನ್ನೆ ಅಳ್ತಾಳಂತ ಚೀಲ ತಗದು ಕೈಯಾಗ ಕೊಟ್ರಿ. ಹದಿನೆಂಟು ತುಂಬಿತಂತ ಸಾಲಿಯವರು ಬಿಡಿಸಿದ್ದು ಮರತ್ರೇನು? ಸಂಜೀತನಕ ಬಾಗಲಾಗ ಕುಂತು ಸಾಲಿ ವ್ಯಾನಿನ ಹಾದಿ ಕಾದ್ಲು, ನೀರು ಸುದ್ದಾ ಮುಟ್ಟಲಿಲ್ಲ. ಸಿಟ್ಟಿಲೆ ನಿಮಗ ಅಂದದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.

ಅದಕ್ಕ ಚೀಲ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೇನಿ. ಕೀಲಿಕೈ ನನ್ನ ಕಡೆ ಐತಿ.

ಆಕಿ ಹುಡುಕ್ತಾಳ. ನಿಮ್ಮ ಕೈ ಹಿಡಿದು ಟ್ರಂಕಿನ ಕಡೆ ಜಗ್ಗತಾಳ. ಸುಮ್ನ ಬಾಜೂಕ ಕುಂದರ್ರಿ. ಸಾಲಿ ಮುಗೀತವ್ವಾ ಅಂತ ಹೇಳಬೇಕಂದ್ರ ಯಾವ ಸಾಮಾನು ತೋರಿಸಬೇಕು, ಅದನ್ನ ಟೀಚರ್ ಕಲಿಸಿಲ್ರಿ.